ರಾಮಾಂಜಿನಪ್ಪನಿಗೆ ಕೇಳಿಸದ ಸದ್ದು

ದೊಮ್ಮಲೂರಿನ ರಾಮಾಂಜಿನಪ್ಪನ ಶೆಡ್ಡಿಗೆ ಬೋರ್ಡಿಲ್ಲ. ಮನೆತನದ ರಾಗಿ ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದ ಚೂರು ನೆಲದಲ್ಲಿ ತಗಡು ಹೊದಿಸಿಕೊಂಡು ಮೂವತ್ತೊಂದು ವರ್ಷದಿಂದ ಅವನು ಕಾರುಗಳ ಏಸಿ ರಿಪೇರಿ ಮಾಡುತ್ತಿದ್ದಾನೆ. ಅಣ್ಣತಮ್ಮಂದಿರು ಬಾಡಿಗೆ ಮನೆ ಕಟ್ಟಿಸಿ ಕೂತರು. ಇವನಿಗೆ ಕೈ ಸುಮ್ಮನಿರಲಿಲ್ಲ.

ಅವನ ಹೆಸರು ನಿಂತಿದ್ದು ಕಿವಿಯ ಮೇಲೆ. ಏಸಿ ಗುಂಡಿ ಒತ್ತಿದರೆ ಬಾನೆಟ್ಟಿನೊಳಗೆ ಕರೆಂಟು ಹಾಯಿಸುವ ಪುಟ್ಟ ರಿಲೇ ‘ಟಕ್’ ಅನ್ನಬೇಕು. ಅದರ ಹಿಂದೆಯೇ ಕಂಪ್ರೆಸರಿನ ಕ್ಲಚ್ಚು ಕಚ್ಚಿಕೊಂಡ ಸದ್ದು ಬರಬೇಕು. ಯಾವುದು ಬರಲಿಲ್ಲವೋ ದೋಷ ಅಲ್ಲಿ. ಬೇರೆ ಮೆಕ್ಯಾನಿಕ್‌ಗಳು ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ವೈರು ತಡಕುವುದನ್ನು ಕಂಡರೆ ಅವನಿಗೆ ನಗು.

ಎರಡು ವರ್ಷದಿಂದ ಆ ಕಿವಿ ಮಂದವಾಗುತ್ತಿತ್ತು. ಮನೆಯಲ್ಲಿ ಟೀವಿ ಸದ್ದು ಏರುತ್ತಲೇ ಹೋಯಿತು. ‘ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡ್ ಬರೋಣ’ ಎಂದು ಹೆಂಡತಿ ಆಂಜನಮ್ಮ ಹೇಳಿದಾಗಲೆಲ್ಲ, ಅದೂ ಕೇಳಿಸದವನಂತೆ ಎದ್ದು ಹೋಗುತ್ತಿದ್ದ. ಶೆಡ್ಡಿನಲ್ಲಿ ಗಿರಾಕಿಗಳ ತುಟಿ ನೋಡಿ ನಿಭಾಯಿಸುತ್ತಿದ್ದ.

ಏಪ್ರಿಲ್‌ನಲ್ಲಿ ಬೆನ್ಸನ್ ಟೌನಿನ ಸುಭದ್ರಮ್ಮ ತಮ್ಮ ಹಳೇ ಕಾರು ತಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ಹದಿನೆಂಟು ವರ್ಷದ ಗಿರಾಕಿ.

“ಬೆಳಿಗ್ಗೆ ಹೊರಟಾಗ ತಣ್ಣಗೆ ಬರುತ್ತೆ, ರಾಮಾಂಜಿನಪ್ಪ. ಹಲಸೂರು ಕೆರೆ ದಾಟೋಷ್ಟರಲ್ಲಿ ಬರೀ ಬಿಸಿ ಗಾಳಿ.”

ಗ್ಯಾಸು ನೋಡಿದ, ಸರಿಯಾಗಿತ್ತು. ಎಂಜಿನ್ ಆರಿಸಿ, ಬರೀ ಕೀ ತಿರುಗಿಸಿ, ಗುಂಡಿ ಒತ್ತಲು ಹೇಳಿ ಬಾನೆಟ್ಟಿಗೆ ಬಗ್ಗಿದ. ಏನೂ ಕೇಳಿಸಲಿಲ್ಲ.

“ರಿಲೇಗೆ ಕರೆಂಟೇ ಬರ್ತಿಲ್ಲಮ್ಮ. ಎಲ್ಲೋ ವೈರ್ ಕಟ್ಟಾಗಿದೆ.”

“ಈಗ ಟಕ್ ಅಂತು ಅಲ್ರೀ?”

“ಇಲ್ಲಮ್ಮ. ನಿಮಗೆ ಹಂಗನಿಸ್ತದೆ. ಮೂವತ್ತು ವರ್ಷದಿಂದ ಇದನ್ನೇ ಕೇಳ್ಕೊಂಡ್ ಬಂದಿದೀನಿ ನಾನು.”

ಸುಭದ್ರಮ್ಮ ತಮ್ಮ ಕಿವಿ ಒಮ್ಮೆ ಉಜ್ಜಿಕೊಂಡರು. ಕೀ ಕೊಟ್ಟು ಆಟೋ ಹತ್ತಿ ಹೋದರು.

ಎರಡು ದಿನ ಡ್ಯಾಶ್‌ಬೋರ್ಡ್ ಬಿಚ್ಚಿ ಹುಡುಕಿದ. ವೈರು ಎಲ್ಲೂ ಕಟ್ಟಾಗಿರಲಿಲ್ಲ. ಹೊಸ ರಿಲೇ ಹಾಕಿದ. ಅದೂ ಅವನ ಪಾಲಿಗೆ ಮೂಕವೇ. ಬಿಚ್ಚುವಾಗ ಪ್ಲಾಸ್ಟಿಕ್ ಕ್ಲಿಪ್ಪೊಂದು ಮುರಿದು, ಡ್ಯಾಶ್‌ಬೋರ್ಡ್ ಮೊದಲಿನಂತೆ ಕೂರಲಿಲ್ಲ.

ಮೂರನೆಯ ದಿನ ಸುಭದ್ರಮ್ಮ ಬಂದು ಸ್ಟೂಲಿನ ಮೇಲೆ ಕೂತರು.

“ನೀವೇ ಇಲ್ಲ ಅಂದ್ಮೇಲೆ ನನ್ನ ಕಿವೀಲೇ ಏನೋ ತೊಂದ್ರೆ ಅಂದ್ಕೊಂಡೆ. ಇಲ್ಲದ ಸದ್ದು ಕೇಳಿಸ್ತಿದೆಯಲ್ಲ ಅಂತ ಭಯ ಆಯ್ತು. ನೆನ್ನೆ ಡಾಕ್ಟರ್ ಹತ್ರ ಹೋಗಿದ್ದೆ. ಹೆಡ್‌ಫೋನ್ ಹಾಕಿ ಟೆಸ್ಟ್ ಮಾಡಿದ್ರು. ಕಿವಿ ಚೆನ್ನಾಗೇ ಇದೆಯಂತೆ.”

ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಅಷ್ಟೆ. ರಾಮಾಂಜಿನಪ್ಪನ ಮುಖಕ್ಕೆ ರಕ್ತ ನುಗ್ಗಿತು. ಅವರನ್ನು ಕಾರಿನಲ್ಲಿ ಕೂರಿಸಿ, ಬಾನೆಟ್ಟಿನ ಹಿಂದೆ ಮರೆಯಾಗಿ ನಿಂತು, ಗುಂಡಿ ಒತ್ತಲು ಹೇಳಿ, ಈ ಸಲ ರಿಲೇಯ ಮೇಲೆ ಬೆರಳಿಟ್ಟ. ಬೆರಳಡಿಯಲ್ಲಿ ಅದು ಮಿಡಿಯಿತು. ಇನ್ನೊಮ್ಮೆ ಒತ್ತಿಸಿದ. ಮತ್ತೆ ಮಿಡಿಯಿತು.

ಪಕ್ಕದ ಎಲೆಕ್ಟ್ರಿಷಿಯನ್ ನಜೀರ್‌ನಿಂದ ಟೆಸ್ಟ್ ಲ್ಯಾಂಪ್ ಇಸಕೊಂಡು ಬಂದು ಕಂಪ್ರೆಸರಿನ ವೈರಿಗೆ ಹಿಡಿದ. ದೀಪ ಹತ್ತಿತು. ಕರೆಂಟು ಮೊದಲಿಂದಲೂ ಅಲ್ಲಿತನಕ ಬರುತ್ತಲೇ ಇತ್ತು. ಸವೆದು ಸವೆದು ಕ್ಲಚ್ಚಿನ ತಟ್ಟೆಗೂ ಬೆಲ್ಟು ತಿರುಗಿಸುವ ಪುಲ್ಲಿಗೂ ನಡುವೆ ಸಂದು ದೊಡ್ಡದಾಗಿತ್ತು. ಎಂಜಿನ್ ಬಿಸಿಯಾದರೆ ತಟ್ಟೆಯನ್ನು ಎಳೆದುಕೊಳ್ಳುವ ಶಕ್ತಿ ಅಯಸ್ಕಾಂತದ ಕಾಯಿಲ್‌ಗೆ ಇರಲಿಲ್ಲ. ಬೆಳಿಗ್ಗೆ ತಣ್ಣಗೆ, ಆಮೇಲೆ ಬಿಸಿ ಎಂದು ಅವರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಸಂದು ಕಿರಿದಾಗಲೆಂದು ಒಳಗಿನ ತೆಳು ವಾಷರೊಂದನ್ನು ತೆಗೆದು ಮತ್ತೆ ಜೋಡಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೂ ಓಡಿಸಿದ. ತಟ್ಟೆ ಕಚ್ಚಿಕೊಂಡು ತಿರುಗುವುದು ಕಣ್ಣಿಗೆ ಕಂಡಿತು. ಒಂದು ಗಂಟೆಯ ಕೆಲಸ.

“ಹಾಗಾದ್ರೆ ನಾನು ಕೇಳಿದ್ದು ಯಾವ ಸದ್ದು?” ಸುಭದ್ರಮ್ಮ ಕೇಳಿದರು.

ಏನಾದರೂ ಹೇಳಿ ಸಾಗಹಾಕಬಹುದಿತ್ತು. ಸಡಿಲ ಸ್ಕ್ರೂ ಎಂದಿದ್ದರೂ ನಂಬುತ್ತಿದ್ದರು. ಹಾಗೆ ನಂಬುತ್ತಾರೆ ಎಂಬುದನ್ನೇ ಅವನಿಗೆ ತಡೆಯಲಾಗಲಿಲ್ಲ.

“ರಿಲೇನೇ ಅಮ್ಮ. ನೀವು ಸರಿಯಾಗೇ ಕೇಳಿದ್ರಿ. ನನಗೇ ಕೇಳಿಸ್ಲಿಲ್ಲ. ಎರಡು ವರ್ಷ ಆಯ್ತು, ಸರಿಯಾಗಿ ಕೇಳಿಸ್ತಿಲ್ಲ.”

ಅವರು ಹತ್ತಿರ ಬಂದರು.

“ಅವತ್ತೇ ಹೇಳ್ಬಹುದಿತ್ತಲ್ರೀ. ನಮ್ಮಮ್ಮನಿಗೆ ನನ್ನ ಈ ವಯಸ್ಸಲ್ಲೇ ಕಿವಿ ಹೋಗಿದ್ದು. ಡಾಕ್ಟರ್ ಹೇಳೋತನಕ ನನಗೆ ನಿದ್ದೆ ಬಂದಿಲ್ಲ.”

ಅವನು ತಲೆ ತಗ್ಗಿಸಿ ಕೈಯ ಗ್ರೀಸು ಒರೆಸುತ್ತಲೇ ಇದ್ದ. ದುಡ್ಡು ಬೇಡವೆಂದು ಸನ್ನೆ ಮಾಡಿದ. ಅವರು ಕಾರು ಹತ್ತಿ ಹೋದರು.

ಮನೆಗೆ ಹೋಗಿ ಆಂಜನಮ್ಮನಿಗೆ ಎಲ್ಲ ಹೇಳಿದ. ಅವಳು “ಗೊತ್ತಿತ್ತು ಬಿಡು” ಎಂದಳಷ್ಟೇ. ಅವನು ಉಣ್ಣುತ್ತಲೇ ಲೆಕ್ಕ ಹಾಕತೊಡಗಿದ. ಎರಡು ವರ್ಷದಲ್ಲಿ ಎಷ್ಟು ಜನರಿಗೆ ‘ಇಲ್ಲ, ಕರೆಂಟ್ ಬರ್ತಿಲ್ಲ’ ಎಂದಿದ್ದನೋ. ಲಿಂಗರಾಜಪುರದ ಟ್ಯಾಕ್ಸಿಯವನೊಬ್ಬನಿಗೆ ಇಡೀ ವೈರಿಂಗ್ ಬದಲಾಯಿಸಲು ಹೇಳಿ ಕಳಿಸಿದ್ದು ನೆನಪಾಯಿತು. ಅವನ ನಂಬರಾಗಲಿ, ಹೆಸರಾಗಲಿ ಇರಲಿಲ್ಲ.

ಮರುವಾರ ಕಿವಿಗೆ ಮಿಷನ್ ಬಂತು. ಹೊಸ ಕ್ಲಿಪ್ಪು ತೆಗೆದುಕೊಂಡು, ಕರೆಯದೆಯೇ, ಬೆನ್ಸನ್ ಟೌನಿಗೆ ಹೋದ. ಸುಭದ್ರಮ್ಮ ಕಿವಿಯತ್ತ ಒಮ್ಮೆ ನೋಡಿ ಗೇಟು ತೆಗೆದರು. ಅವನು ಡ್ಯಾಶ್‌ಬೋರ್ಡ್ ಕೂರಿಸಿ ಮುಗಿಸುವಾಗ ಬಾಗಿಲಲ್ಲಿ ನಿಂತು, “ಕಾಫಿಗೆ ಸಕ್ಕರೆ ಹಾಕ್ಲಾ, ರಾಮಾಂಜಿನಪ್ಪ?” ಎಂದರು. ಒಂದೊಂದೇ ಅಕ್ಷರ ಬಿಡಿಸಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಕಿವುಡನಿಗೆ ಹೇಳುವಂತೆ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನಾಚೆಯಿಂದ ಇಣುಕಿದಳು.

ಅವನ ಮುಖ ಬಿಸಿಯಾಯಿತು. ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ ಎನ್ನಬೇಕೆನಿಸಿತು. ಅನ್ನಲಿಲ್ಲ.

“ಹಾಕಿ ಅಮ್ಮ, ಅರ್ಧ ಚಮಚ” ಎಂದ.