ಇಪ್ಪತ್ತು ಎಡತೋಳು

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಕತ್ತರಿ ಅಕ್ಕ, ಅಷ್ಟೇ. ಹದಿನೆಂಟು ವರ್ಷ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತವಳಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ. ಅಂಗಡಿಯ ಯಜಮಾನರಾದ ಮಾಸ್ಟರ್ ಕೂಡ ದುಬಾರಿ ಬಟ್ಟೆ ಬಂದರೆ ತಾವು ಮುಟ್ಟದೆ ಅವಳ ಕಡೆಗೇ ಸರಿಸುತ್ತಿದ್ದರು.

ನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು. ಕತ್ತು, ಭುಜ, ಸೊಂಟ, ಮೊಣಕಾಲು, ಬೆರಳಿನ ಗಂಟು, ಇಂಥ ಕಡೆ ಅಂತಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲದರಲ್ಲೂ ಸರಿಯಾಗಿದೆ ಎಂದೇ ಬಂತು. ಸದ್ಯ, ಏನೂ ಇಲ್ಲವಲ್ಲ ಎಂದು ಗಂಡ ನಿಟ್ಟುಸಿರು ಬಿಟ್ಟ. ಏನೂ ಇಲ್ಲವಂತೆ. ಆ ಮಹಾರಾಯನಿಗೆ ಆ ಮೈಯನ್ನು ಒಂದೇ ಒಂದು ದಿನ ಕೊಟ್ಟು ನೋಡಬೇಕಿತ್ತು.

ಕೊನೆಗೆ ಒಬ್ಬ ಡಾಕ್ಟರಮ್ಮ ಇದು ಫೈಬ್ರೊಮಯಾಲ್ಜಿಯ, ಯಾವ ಪರೀಕ್ಷೆಯಲ್ಲೂ ಕಾಣದ ಮೈನೋವಿನ ಕಾಯಿಲೆ ಎಂದರು. "ಪೂರ್ತಿ ಹೋಗೋದು ಕಷ್ಟ ಕಣಮ್ಮ. ಇದನ್ನ ಇಟ್ಕೊಂಡೇ ಹೇಗೆ ಬದುಕೋದು ಅಂತ ನೋಡೋಣ. ಆಗದ ಕೆಲಸಾನ ಆಗಲ್ಲ ಅಂತ ಹೇಳೋದು ಮೊದಲು ಕಲೀರಿ."

ಅವಳು ತಲೆಯಾಡಿಸಿದಳು. ಹೊರಗೆ ಬಂದು ಗಂಡನಿಗೆ, "ಮುಂದಿನ ತಿಂಗಳು ವಾಸಿಯಾಗುತ್ತಂತೆ" ಎಂದಳು. ಅಲ್ಲಿಂದಾಚೆ ಮಾಸ್ಟರಿಗೂ ಪ್ರತಿ ತಿಂಗಳು ಅದೇ ಮಾತು. ನಿಜ ಹೇಳಿದರೆ ಮೇಜು ನಾದಿನಿಯ ಪಾಲಾಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಗಂಡನ ತಂಗಿ ಅದೇ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಿದ್ದಳು, ಬಾಯಿ ಸ್ವಲ್ಪ ಜೋರು. "ನಮ್ಮತ್ತಿಗೆಗೆ ನೋವು ಕೆಲಸ ಜಾಸ್ತಿ ಇರೋ ದಿನ ನೋಡ್ಕೊಂಡೇ ಬರುತ್ತೆ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಮೊದಮೊದಲು ಕತ್ತರಿ ಅಕ್ಕ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದಳು. ಆಮೇಲೆ ಅಳುವೂ ನಿಂತುಹೋಯಿತು. ಬೇಜಾರೂ ಇಲ್ಲ, ಸಿಟ್ಟೂ ಇಲ್ಲ. ಏಳುವುದು, ನಿಲ್ಲುವುದು, ಮಲಗುವುದು.

ಒಂದು ಹೋಟೆಲಿನವರ ಹತ್ತು ಕೋಟು ಬಂತು. ಬಟ್ಟೆಯ ಒಂದು ಮುಖ ಹೊಳಪು, ಇನ್ನೊಂದು ಮಂಕು. ತೋಳು ಕತ್ತರಿಸುವವರು ಬಟ್ಟೆ ಮಡಿಸಿ ಎರಡು ಪದರಕ್ಕೂ ಒಟ್ಟಿಗೆ ಕತ್ತರಿ ಹಾಕುತ್ತಾರೆ, ಎಡದ್ದೂ ಬಲದ್ದೂ ಜೋಡಿಯಾಗಿ ಬರುತ್ತವೆ. ಅವಳ ಬೆರಳಿಗೆ ಎರಡು ಪದರ ಕತ್ತರಿಸುವ ಶಕ್ತಿ ಇರಲಿಲ್ಲ. ಯಾರಿಗೂ ಕಾಣದ ಹಾಗೆ ಒಂದೊಂದೇ ಪದರ ಹರಡಿ ಕತ್ತರಿಸಿದಳು. ಹಾಗೆ ಮಾಡುವಾಗ ಪ್ರತಿ ಎರಡನೇ ತೋಳಿಗೂ ರಟ್ಟಿನ ನಮೂನೆಯನ್ನು ಮಗುಚಿ ಇಡಬೇಕು. ನೋವಿನಲ್ಲಿ ಅದು ಮರೆತೇ ಹೋಯಿತು.

ಮಧ್ಯಾಹ್ನ ನಾದಿನಿ ಒಂದು ಕಂತೆ ತಂದು ಮೇಜಿನ ಮೇಲೆ ಹಾಕಿದಳು. "ಇಪ್ಪತ್ತೂ ಎಡಗೈದೇ. ಬಲಗಡೆ ಕೂರಿಸಿದ್ರೆ ಹೊಳಪು ಒಳಗೆ ಹೋಗುತ್ತೆ."

ಮಾಸ್ಟರ್ ಬಂದು ಒಂದೊಂದನ್ನೇ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಬಟ್ಟೆ ಮತ್ತೆ ತರಿಸೋಣ ಬಿಡು. ಕೈ ಯಾವಾಗ ಸರಿಹೋಗುತ್ತೆ, ಅದನ್ನ ಹೇಳು."

ಮುಂದಿನ ತಿಂಗಳು ಎನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು.

"ಸರಿಹೋಗಲ್ಲ ಮಾಸ್ಟರ್. ಎರಡು ಪದರ ನನ್ನ ಕೈಲಿ ಆಗಲ್ಲ."

ಮಾಸ್ಟರ್ ಆ ಕಂತೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ದೊಡ್ಡ ಕತ್ತರಿಯನ್ನು ನಾದಿನಿಯ ಕಡೆ ಚಾಚಿದರು. "ಅಕ್ಕ ಗುರುತು ಹಾಕಿಕೊಡ್ತಾಳೆ, ನೀನು ಕತ್ತರಿಸು." ಹದಿನೆಂಟು ವರ್ಷ ಮುಗಿಯಲು ಅಷ್ಟೇ ಸಾಕಾಯಿತು. ಈಗ ಎದೆ ಒಡೆಯುತ್ತದೆ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಭುಜ ನೋಯುತ್ತಿತ್ತು, ಬೆಳಗ್ಗೆಯಿಂದ ನೋಯುತ್ತಿದ್ದಷ್ಟೇ.

ಅವಳು ಸೀಮೆಸುಣ್ಣ ಎತ್ತಿಕೊಂಡು ಗೆರೆ ಎಳೆದಳು. ನಾದಿನಿ ಕತ್ತರಿ ಹಿಡಿದುಕೊಂಡು ನಿಂತೇ ಇದ್ದಳು. ಅವಳ ಬಾಯಿಯ ಜೋರೆಲ್ಲ ಎಲ್ಲಿಗೋ ಹೋಗಿತ್ತು.

"ಇಷ್ಟು ನೋವಿದೆ ಅಂತ ಮೊದಲೇ ಹೇಳಬಾರದಾಗಿತ್ತಾ ಅತ್ತಿಗೆ?"

"ಹೇಳ್ತಾನೇ ಇದ್ದೆನಲ್ಲ. ವಾಸಿಯಾಗುತ್ತೆ ಅಂತಾನೂ ಹೇಳ್ತಿದ್ದೆ. ನೀವೆಲ್ಲ ಅದೊಂದನ್ನೇ ನಂಬಿದ್ರಿ."