ನಿಧಾನಪ್ಪ ಅಳಿಸಿದ ಎರಡು ಡಿಸ್ಕುಗಳು

ಕಂಪ್ಯೂಟರ್ ರಿಪೇರಿ ಮಾಡುವ ಆತನಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಅವನು ಒಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಒಂದು ಅಂಗಿಯನ್ನೇ ಹೊಲಿದು ಮುಗಿಸುತ್ತಾನೆ ಎಂದು ನಗುತ್ತಿದ್ದರು. ನಗಲಿ ಬಿಡಿ. ನಿಧಾನವೇ ಪ್ರಧಾನ ಎಂದು ನಂಬಿದ ಆ ಮನುಷ್ಯ ಯಾರ ಒಂದು ಫೋಟೊವನ್ನೂ ಕಳೆದವನಲ್ಲ. ಡಿಸ್ಕ್ ಅಳಿಸುವ ಮೊದಲು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಅದರ ತಂತಿ ಕಿತ್ತು ದೂರ ಇಟ್ಟ ಮೇಲೆಯೇ ಮುಂದಿನ ಕೆಲಸ.

ಒಂದು ದಿನ ಆ ಟೈಲರನ ಕಂಪ್ಯೂಟರೇ ಅವನ ಮೇಜಿಗೆ ಬಂತು. ಟೈಲರನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಗಂಡನ ಮರೆವಿಗೆ ರೋಸಿಹೋಗಿ ಆಕೆ ಬದುಕಿದ್ದಾಗ ತನ್ನ ದನಿಯನ್ನೇ ಅದರಲ್ಲಿ ತುಂಬಿಟ್ಟಿದ್ದಳು. ಸಂಜೆಯಾದರೆ ಅದು ಕೇಳುತ್ತಿತ್ತು: "ಬಿಪಿ ಮಾತ್ರೆ ತಗೊಂಡ್ರಾ?" ಟೈಲರ್ "ತಗೊಂಡೆ ಕಣೇ" ಎಂದು ಉತ್ತರಿಸಿಯೇ ನುಂಗುತ್ತಿದ್ದ. ಸತ್ತವಳು ಕೇಳುವುದು, ಇದ್ದವನು ಉತ್ತರ ಕೊಡುವುದು ಗೋಡೆಯಾಚೆಯಿಂದ ಕೇಳಿಸಿದಾಗಲೆಲ್ಲ ನಿಧಾನಪ್ಪನ ಮೈ ಜುಮ್ಮೆನ್ನುತ್ತಿತ್ತು. ಈಗ ಯಂತ್ರ ಕೈಕೊಟ್ಟಿತ್ತು, ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಿತ್ತು. ಬೇರೇನು ಹೋದರೂ ಹೋಗಲಿ, ಅವಳ ದನಿ ಬೇರೆಲ್ಲೂ ಇಲ್ಲ, ಅದೊಂದನ್ನು ಉಳಿಸಿಕೊಡು ಎಂದು ಟೈಲರ್ ಹೇಳಿಹೋದ.

ನಿಧಾನಪ್ಪ ನಕಲು ಮಾಡಿಕೊಂಡ. ಆದರೆ ಡಿಸ್ಕಿನ ವಿಭಾಗಗಳು ಹಳೆಯ ಎಂಬಿಆರ್ ಪದ್ಧತಿಯವು, ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಾಗದೆ ಒಳಗೆ ಬರುವುದಿಲ್ಲ ಎಂದು ಹೊಸ ಸಿಸ್ಟಮ್ ಹಟ ಹಿಡಿಯಿತು. ಡಿಸ್ಕನ್ನು ಪೂರ್ತಿ ಅಳಿಸಿ ಪದ್ಧತಿ ಬದಲಾಯಿಸುವುದೇ ಸುಲಭದ ದಾರಿ. ಅಷ್ಟರಲ್ಲಿ ಟೈಲರನ ಮಗಳು ಬಂದು, ಸಂಜೆಯೊಳಗೆ ಕೊಡದಿದ್ದರೆ ಅಪ್ಪ ಮಾತ್ರೆ ಮುಟ್ಟುವುದಿಲ್ಲ ಎಂದು ಅವಸರಿಸಿ ಹೋದಳು. ಅಂದು ನಿಧಾನಪ್ಪನೂ ಅವಸರಪಟ್ಟ. ನಕಲಿನ ತಂತಿ ಕೀಳಲಿಲ್ಲ.

ಪರದೆಯ ಮೇಲೆ ಒಂದೇ ಗಾತ್ರದ ಎರಡು ಡಿಸ್ಕುಗಳಿದ್ದವು: ನಂಬರ್ ಸೊನ್ನೆ, ನಂಬರ್ ಒಂದು. ಯಂತ್ರದೊಳಗಿನದು ಎಂದಿನಂತೆ ಸೊನ್ನೆಯೇ ಇರಬೇಕೆಂದು ಅದನ್ನು ಅಳಿಸಿ ಬದಲಾಯಿಸಿದ. ಸಿಸ್ಟಮ್ ಮತ್ತೆ ಅದೇ ತಕರಾರು ತೆಗೆಯಿತು. ನಂಬರ್ ತಪ್ಪಿರಬೇಕೆಂದು ಇನ್ನೊಂದನ್ನೂ ಅಳಿಸಿದ. ಎಂಟರ್ ಒತ್ತಿದ ಕೂಡಲೇ ಕೀಳದೆ ಬಿಟ್ಟ ತಂತಿ ಕಣ್ಣಿಗೆ ಬಿತ್ತು. ಮೊದಲು ಹೋದದ್ದು ನಕಲು, ಈಗ ಹೋದದ್ದು ಮೂಲ.

ಎರಡೂ ಹೊಸ ಬಗೆಯ ಡಿಸ್ಕುಗಳು, ಅಳಿಸಿದ್ದನ್ನು ಒಳಗೊಳಗೇ ತೊಳೆದುಬಿಡುವಂಥವು. ಸಂಜೆಯವರೆಗೂ ಕೆದಕಿದ. ದನಿಯ ಫೈಲ್ ಒಂದು ಸಿಕ್ಕಿತು. ಮಾತಿಗೆ ಮುಂಚೆ ಆಕೆ ಎಳೆದುಕೊಂಡ ಉಸಿರು, ಆಮೇಲೆ ಬರೀ ಗರಗರ. ಆ ಉಸಿರನ್ನು ಮತ್ತೆ ಮತ್ತೆ ಕೇಳುತ್ತ ಅವನಿಗೆ ಅಳು ಬಂತು, ಭಯವೂ ಆಯಿತು.

ಕೊನೆಗೆ ಟೈಲರನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಟೈಲರ್ ಬೈಯಲಿಲ್ಲ. ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕೂತಿದ್ದ.

"ಗೋಡೆ ಆಚೆಯಿಂದ ದಿನಾ ಕೇಳಿಸಿಕೊಂಡಿದ್ದೀಯಲ್ಲಪ್ಪ," ಎಂದ. "ಅವಳು ಹೇಗೆ ಕೇಳ್ತಿದ್ಲೋ ಹಾಗೆ ಒಂದ್ಸಲ ಕೇಳು."

ನಿಧಾನಪ್ಪ ಮೆಲ್ಲಗೆ ಕೇಳಿದ: "ಬಿಪಿ ಮಾತ್ರೆ ತಗೊಂಡ್ರಾ?"

"ಹಾಗಲ್ಲ. ಅವಳು ಬೈದ ಹಾಗೆ ಕೇಳ್ತಿದ್ಲು."

ಹುಟ್ಟಿದಾಗಿನಿಂದ ಯಾರಿಗೂ ದನಿ ಏರಿಸದ ಮನುಷ್ಯ ಉಸಿರೆಳೆದುಕೊಂಡು ಗದರಿಯೇ ಕೇಳಿದ. ಬಾಯಿ ಅವನದೇ. ಬಂದ ದನಿ ಯಾರದೆಂದು ಅವನಿಗೇ ತಿಳಿಯಲಿಲ್ಲ.

ವಿಷಯ ತಿಳಿಯದ ಮಗಳು ಅಡುಗೆಮನೆಯಿಂದ ಕೂಗಿ ಕೇಳಿದಳು: "ಅಪ್ಪಾ, ಕಂಪ್ಯೂಟರ್ ಸರಿಹೋಯ್ತಾ? ಅಮ್ಮನ ದನಿ ಕೇಳಿಸ್ತಲ್ಲ."

ಟೈಲರ್ ಮಾತ್ರೆ ನುಂಗಿ, ಸರಿಹೋಯಿತು ಎಂದ.

ಅಂದಿನಿಂದ ಸಂಜೆಯ ಮಾತ್ರೆಯ ಹೊತ್ತಿಗೆ ನಿಧಾನಪ್ಪ ಆ ಬೀದಿ ಬಿಟ್ಟು ಎಲ್ಲಿಗೂ ಹೋಗಿಲ್ಲ.