ನಡುಗಡ್ಡೆಯಲ್ಲಿ ಕರೆಂಟಿತ್ತು

ಬೆಂಗಳೂರಿನ ಅಬ್ಬಿಗೆರೆಯ ಇಂದುವಿಗೆ ತಾಯಿಯ ಮುಖ ನೆನಪಿಲ್ಲ. ಅವಳನ್ನು ಸಾಕಿದವಳು ಅಕ್ಕ ನಾಗಲಕ್ಷ್ಮಿ. ಮದುವೆಯಾದ ಮೇಲೂ ತಂಗಿಯನ್ನು ಜೊತೆಯಲ್ಲೇ ಇಟ್ಟುಕೊಂಡು ಎಂಜಿನಿಯರಿಂಗ್ ಓದಿಸಿದಳು. ಆಮೇಲೆ ಇಂದು ಯಲಹಂಕದ ಒಂದು ಸಂಶೋಧನಾ ಸಂಸ್ಥೆ ಸೇರಿದಳು. ಕೃಷ್ಣಾ ನದಿಯ ನಡುಗಡ್ಡೆಗಳಲ್ಲಿ ಊರುಗಳಿವೆ. ಪ್ರವಾಹ ಬಂದರೆ ಅಲ್ಲಿಗೆ ದೋಣಿ ಓಡಾಟ ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಅಂಥ ದಿನಗಳಲ್ಲೂ ದೀಪ, ಫೋನು ನಡೆಯುವಂತೆ ಸೋಲಾರ್ ಬ್ಯಾಟರಿ ಕೂರಿಸಿ, ಅದು ಎಷ್ಟು ತಾಳುತ್ತದೆಂದು ನೋಡುವುದು ಅವಳ ಕೆಲಸ.

ಅಷ್ಟರಲ್ಲಿ ಅಕ್ಕನ ಶ್ವಾಸಕೋಶ ಕೆಟ್ಟಿತು. ಮನೆಯಲ್ಲೇ ಆಕ್ಸಿಜನ್ ಮೆಷಿನ್ ಹಾಕಿಕೊಂಡು ಇರಬೇಕಾಯಿತು. ಕಳೆದ ಮಳೆಗಾಲದಲ್ಲಿ ಹೊಳೆ ಏರುವ ಸುದ್ದಿ ಬಂದಾಗ ಇಂದು ನಡುಗಡ್ಡೆಗೆ ಹೊರಡಲು ಹಿಂದೆಮುಂದೆ ನೋಡಿದಳು. ಯುಪಿಎಸ್ ಇದೆ, ನಿಮ್ಮ ಭಾವ ಇದ್ದಾರೆ ಎಂದು ಅಕ್ಕನೇ ಒತ್ತಾಯ ಮಾಡಿ ಕಳಿಸಿದಳು.

ಹೊಳೆ ತುಂಬಿತು. ದೋಣಿ ನಿಂತವು. ಇಂದು ಹುಲಿಗೆಮ್ಮ ಎಂಬ ಮುದುಕಿಯ ಮನೆಯಲ್ಲಿ ಉಳಿದಳು. ಬ್ಯಾಟರಿ ಚೆನ್ನಾಗಿ ನಡೆಯಿತು. ಊರವರೆಲ್ಲ ಫೋನ್ ಚಾರ್ಜ್ ಮಾಡಿಕೊಂಡು ಆಚೆ ದಡದ ನೆಂಟರ ಜೊತೆ ಮಾತಾಡಿದರು.

ಅದೇ ವಾರ ಬೆಂಗಳೂರಲ್ಲೂ ಮಳೆ ಹೊಡೆಯಿತು. ಒಂದು ರಾತ್ರಿ ರಾಜಕಾಲುವೆ ಉಕ್ಕಿ ಅಕ್ಕನ ಬೀದಿ ಮುಳುಗಿತು. ಟ್ರಾನ್ಸ್‌ಫಾರ್ಮರ್ ನೀರಲ್ಲಿ ನಿಂತಿದ್ದರಿಂದ ಕರೆಂಟ್ ತೆಗೆದರು. ಬೆಳಗಾಗುವ ಹೊತ್ತಿಗೆ ಯುಪಿಎಸ್ ಕೈಕೊಟ್ಟಿತು, ಮನೆಯಲ್ಲಿದ್ದ ಸಿಲಿಂಡರೂ ಖಾಲಿಯಾಯಿತು. ಆಂಬುಲೆನ್ಸ್ ಬೀದಿಯೊಳಗೆ ಬರುವಂತಿರಲಿಲ್ಲ. ಭಾವ ಟ್ರ್ಯಾಕ್ಟರ್ ಹುಡುಕಿಕೊಂಡು ಹೋಗಿದ್ದಾಗ ಅಕ್ಕ ಫೋನ್ ಮಾಡಿದಳು. ಮಾತು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು.

"ಅಲ್ಲಿ ಕರೆಂಟಿದೆಯೇನೇ?"

"ಇದೆ ಅಕ್ಕ. ಮಾತಾಡ್ಬೇಡ, ಸುಮ್ನೆ ಮಲಕೋ. ಭಾವ ಬಂದ್ಬಿಡ್ತಾರೆ."

"ಇರ್ಲಿ ಬಿಡು. ನೀನು ನೀರಿಗಿಳೀಬೇಡ ಕಣೇ. ಊಟ ಮಾಡಿದ್ಯಾ?"

ಮಾಡಿದೆ ಎಂದಳು ಇಂದು. ಮಾಡಿರಲಿಲ್ಲ. ಫೋನ್ ಇಡದೆ ಅಕ್ಕನ ಉಸಿರು ಕೇಳುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಆಮೇಲೆ ಟ್ರ್ಯಾಕ್ಟರ್ ಸದ್ದು, ಭಾವ ಅಕ್ಕನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು.

ಇಂದು ಹೊಳೆಯ ಕಡೆ ಓಡಿದಳು. ಹುಲಿಗೆಮ್ಮ ಹಿಂದಿನಿಂದ ಬಂದು ಸೊಂಟ ತಬ್ಬಿ ಹಿಡಿದಳು. "ಹೊಳಿ ಬಿಡಂಗಿಲ್ಲವ್ವಾ," ಎಂದಳು. ಇಬ್ಬರೂ ಕೆಸರಲ್ಲೇ ಕುಸಿದು ಕೂತರು.

ದೋಣಿ ಬರುವ ಹೊತ್ತಿಗೆ ಅಬ್ಬಿಗೆರೆಯಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮನೆಗೆ ಬಂದ ಇಂದುವನ್ನು ಭಾವ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಈ ಮಳೆಗಾಲ ಮತ್ತೆ ಹೊಳೆ ಏರಿತು. ಹುಲಿಗೆಮ್ಮ ಫೋನ್ ಮಾಡಿ, ಬ್ಯಾಟರಿ ಕೆಟ್ಟಿದೆ ಎಂದಳು. ನಡುಗಡ್ಡೆಗೆ ಹೊರಟ ಇಂದುವನ್ನು ಭಾವನೇ ಯಶವಂತಪುರ ಸ್ಟೇಷನ್ನಿಗೆ ಕರೆತಂದರು. ರೈಲು ಹೊರಡುವವರೆಗೂ ಅವಳ ಕಿಟಕಿಯ ಪಕ್ಕದಲ್ಲೇ ನಿಂತಿದ್ದರು.